ಎಷ್ಟು ಜನ, ಎಷ್ಟು ಬಿಲ್ಲೆ: ಡೊಮಿನೊ ಸೆಟ್ ಆರಿಸುವ ಬಗೆ

ಡೊಮಿನೊ ಕೊಳ್ಳಲು ಹೊರಟವರ ಕಣ್ಣಿಗೆ ಮೊದಲು ಬೀಳುವುದು ಡಬ್ಬಿಯ ಮೇಲಿನ ಹೆಸರು: ಡಬಲ್ ಸಿಕ್ಸ್, ಡಬಲ್ ನೈನ್, ಡಬಲ್ ಟ್ವೆಲ್ವ್, ಡಬಲ್ ಫಿಫ್ಟೀನ್, ಡಬಲ್ ಎಯ್ಟೀನ್. ಸಂಖ್ಯೆ ದೊಡ್ಡದಾದಷ್ಟೂ ಸೆಟ್ ಮೇಲಾದದ್ದು ಎಂದುಕೊಂಡು ದೊಡ್ಡದನ್ನೇ ಎತ್ತಿಕೊಂಡು ಬರುವವರು ಬಹಳ ಮಂದಿ. ನಾನು ಮೊದಲು ತಂದದ್ದೂ 91 ಬಿಲ್ಲೆಗಳ ಡಬಲ್ ಟ್ವೆಲ್ವ್. ಅದನ್ನು ಮೇಜಿನ ಮೇಲೆ ಸುರಿದ ಸಂಜೆ ಆಡಲು ಕೂತವರು ಇಬ್ಬರೇ. ತಲಾ ಏಳು ಬಿಲ್ಲೆ ತೆಗೆದುಕೊಂಡ ಮೇಲೆ ನಡುವೆ 77 ಬಿಲ್ಲೆಗಳು ಬೋರಲು ಬಿದ್ದಿದ್ದವು. ಎದುರಿನವರ ಕೈಯಲ್ಲಿ ಏನಿರಬಹುದೆಂದು ಊಹಿಸುವುದಕ್ಕೆ ಆಧಾರವೇ ಇರಲಿಲ್ಲ. ರಾಶಿಯಿಂದ ಎತ್ತುವುದು, ಹೊಂದದಿದ್ದರೆ ಮತ್ತೆ ಎತ್ತುವುದು, ಇಷ್ಟೇ ಆಟವಾಯಿತು. ಸೆಟ್‌ನಲ್ಲಿ ದೋಷವಿರಲಿಲ್ಲ, ಅದು ಇಬ್ಬರಿಗೆ ಹೊಂದುವಂಥದ್ದಾಗಿರಲಿಲ್ಲ.

ಅಂದಿನಿಂದ ಯಾರು ಕೇಳಿದರೂ ನಾನು ಹೇಳುವುದು ಒಂದೇ ಮಾತು. ಡೊಮಿನೊ ಸೆಟ್ ಆರಿಸುವುದೆಂದರೆ, ಆಟ ನಡೆಯುವಾಗ ಎಷ್ಟು ಬಿಲ್ಲೆಗಳು ಯಾರಿಗೂ ಕಾಣದೆ ಉಳಿಯಬೇಕು ಎಂಬುದನ್ನು ಆರಿಸುವುದು. ಕಾಣದ ಬಿಲ್ಲೆ ಕಡಿಮೆಯಾದರೆ ಆಟದಲ್ಲಿ ತರ್ಕ ಹೆಚ್ಚುತ್ತದೆ. ಹೆಚ್ಚಾದರೆ ಅದೃಷ್ಟ, ನಗು, ಹರಟೆಗಳಿಗೆ ಜಾಗ ಸಿಗುತ್ತದೆ. ಎರಡೂ ಒಳ್ಳೆಯವೇ, ಆದರೆ ಕೂಡುವವರು ಎಷ್ಟು ಮಂದಿ ಎಂಬುದು ಗೊತ್ತಿಲ್ಲದೆ ಯಾವುದು ಬೇಕೆಂದು ಹೇಳಲಾಗದು.

ಬಿಲ್ಲೆಯೊಳಗಿನ ಲೆಕ್ಕ

ಪ್ರತಿ ಬಿಲ್ಲೆಯ ಮುಖವನ್ನು ಒಂದು ಗೆರೆ ಎರಡು ಭಾಗ ಮಾಡುತ್ತದೆ. ಒಂದೊಂದು ಭಾಗದಲ್ಲೂ ಒಂದು ಸಂಖ್ಯೆ ಚುಕ್ಕಿಗಳ ರೂಪದಲ್ಲಿರುತ್ತದೆ, ಇಲ್ಲವೇ ಭಾಗ ಖಾಲಿ ಇರುತ್ತದೆ. ಸಾಲಿನ ತುದಿಯಲ್ಲಿರುವ ಸಂಖ್ಯೆಗೆ ಅದೇ ಸಂಖ್ಯೆಯ ಬಿಲ್ಲೆಯನ್ನು ತಾಗಿಸಿ ಇಡುತ್ತಾ ಸಾಲು ಬೆಳೆಸುವುದೇ ಆಟ. ಎರಡೂ ಕಡೆ ಒಂದೇ ಸಂಖ್ಯೆಯಿದ್ದರೆ ಅದು ಜೋಡಿ ಬಿಲ್ಲೆ. ಸೆಟ್‌ನಲ್ಲಿರುವ ಅತಿ ದೊಡ್ಡ ಜೋಡಿ ಯಾವುದೋ ಅದೇ ಸೆಟ್‌ನ ಹೆಸರು. ಸೊನ್ನೆಯಿಂದ ಆ ಸಂಖ್ಯೆಯವರೆಗಿನ ಎಲ್ಲ ಜತೆಗಳೂ ಒಂದೊಂದೇ ಬಾರಿ ಬರುತ್ತವೆ.

ಒಟ್ಟು ಬಿಲ್ಲೆಗಳೆಷ್ಟು ಎಂದು ತಿಳಿಯಲು ಸುಲಭದ ದಾರಿಯಿದೆ. ಹೆಸರಿನ ಸಂಖ್ಯೆಗೆ ಒಮ್ಮೆ ಒಂದನ್ನು, ಇನ್ನೊಮ್ಮೆ ಎರಡನ್ನು ಕೂಡಿಸಿ, ಬಂದ ಎರಡನ್ನೂ ಗುಣಿಸಿ ಅರ್ಧ ಮಾಡಿದರಾಯಿತು. ಆರಕ್ಕೆ ಏಳು ಗುಣಿಲೆ ಎಂಟು 56, ಅದರ ಅರ್ಧ 28. ಇದೇ ಲೆಕ್ಕದಲ್ಲಿ ಡಬಲ್ ನೈನ್‌ಗೆ 55, ಟ್ವೆಲ್ವ್‌ಗೆ 91, ಫಿಫ್ಟೀನ್‌ಗೆ 136, ಎಯ್ಟೀನ್‌ಗೆ 190. ಆರಿನಿಂದ ಹನ್ನೆರಡಕ್ಕೆ ಹೋದಾಗ ಸಂಖ್ಯೆ ಇಮ್ಮಡಿಯಾದರೂ ಬಿಲ್ಲೆಗಳು ಮುಮ್ಮಡಿಗೂ ಮೀರುತ್ತವೆ. ಡಬ್ಬಿಯ ಮೇಲಿನ ಹೆಸರು ಈ ಜಿಗಿತವನ್ನು ಹೇಳುವುದಿಲ್ಲ.

ಈ 28ರ ಹಿಂದೆ ಒಂದು ಹಳೆಯ ಕಥೆಯಿದೆ. ಡೊಮಿನೊ ಹುಟ್ಟಿದ್ದು ಚೀನಾದಲ್ಲಿ, ದಾಳಗಳ ಲೆಕ್ಕದಿಂದ. ಎರಡು ದಾಳ ಎಸೆದರೆ ಬೀಳಬಹುದಾದ ಬೇರೆ ಬೇರೆ ಜತೆಗಳು 21. ಚೀನೀ ಸೆಟ್ ಆ 21ನ್ನು ಇಟ್ಟುಕೊಂಡು, ಅವುಗಳಲ್ಲಿ 11ನ್ನು ಎರಡೆರಡು ಬಾರಿ ಮಾಡಿ 32 ಬಿಲ್ಲೆಗಳಾಯಿತು. ದಾಳಕ್ಕೆ ಸೊನ್ನೆ ಇಲ್ಲವಾದ್ದರಿಂದ ಅದರಲ್ಲಿ ಖಾಲಿ ಮುಖವಿಲ್ಲ. 18ನೇ ಶತಮಾನದ ಆರಂಭದಲ್ಲಿ ಇಟಲಿಯಲ್ಲಿ ಕಾಣಿಸಿಕೊಂಡ ಯುರೋಪಿನ ಸೆಟ್‌ನಲ್ಲಿ ಖಾಲಿಯೂ ಸೇರಿ ಇನ್ನೂ ಏಳು ಬಿಲ್ಲೆಗಳಿವೆ. 21 ಮತ್ತು 7 ಕೂಡಿ 28. ಕೊಳ್ಳುವವರು ಇದನ್ನು ತಿಳಿದಿರುವುದು ಒಳ್ಳೆಯದು. ಪಾಯ್ ಗೌ, ಟಿಯೆನ್ ಗೌ ಮುಂತಾದ ಆಟಗಳಿಗೆ ಬೇಕಾದದ್ದು ಚೀನೀ ಸೆಟ್. ಇಲ್ಲಿ ಹೋಲಿಸುತ್ತಿರುವ ಯಾವ ಸೆಟ್ಟೂ ಅದರ ಬದಲಿಗೆ ನಡೆಯುವುದಿಲ್ಲ, ಅದೂ ಇವುಗಳ ಬದಲಿಗೆ ನಡೆಯುವುದಿಲ್ಲ.

ಡಬಲ್ ಸಿಕ್ಸ್: ಚಿಕ್ಕದು, ಆಳವಾದದ್ದು

ನಾಲ್ವರು ಎದುರುಬದುರು ಇಬ್ಬಿಬ್ಬರ ಜತೆಯಾಗಿ ಕೂತು ತಲಾ ಏಳು ಬಿಲ್ಲೆ ತೆಗೆದುಕೊಂಡರೆ ಮೇಜಿನ ಮೇಲೆ ಒಂದೂ ಉಳಿಯುವುದಿಲ್ಲ. ಈ ಸೆಟ್‌ನ ಸೊಗಸೆಲ್ಲ ಇಲ್ಲಿದೆ. ನಿಮ್ಮ ಕೈಯಲ್ಲಿ ಇಲ್ಲದ ಪ್ರತಿ ಬಿಲ್ಲೆಯೂ ಇನ್ನು ಮೂವರಲ್ಲಿ ಒಬ್ಬರ ಬಳಿ ಇದ್ದೇ ಇದೆ. ಪ್ರತಿ ಸಂಖ್ಯೆಯೂ ಏಳು ಬಿಲ್ಲೆಗಳ ಮೇಲಿರುತ್ತದೆ. ಐದರ ಬಿಲ್ಲೆಗಳು ಮೂರು ಈಗಾಗಲೇ ಮೇಜಿನ ಮೇಲಿವೆ, ನಾಲ್ಕು ನಿಮ್ಮ ಕೈಯಲ್ಲಿವೆ ಎಂದಾದರೆ, ಸಾಲಿನ ಎರಡೂ ತುದಿಗಳನ್ನು ಐದಕ್ಕೆ ತಂದು ನಿಲ್ಲಿಸಿದ ಕ್ಷಣ ಆಟ ನಿಮ್ಮ ಹಿಡಿತಕ್ಕೆ ಬರುತ್ತದೆ. ಎದುರಾಳಿ ಎರಡರ ತುದಿಗೆ ಬಿಲ್ಲೆ ಇಡಲಾರದೆ ಸರದಿ ಬಿಟ್ಟುಕೊಟ್ಟರೆ ಅವರ ಬಳಿ ಎರಡು ಇಲ್ಲವೆಂಬುದು ಖಚಿತ. ಆ ಮಾಹಿತಿಯನ್ನು ಮರೆಯದೆ ಮುಂದಿನ ನಡೆಯಲ್ಲಿ ಬಳಸಿಕೊಳ್ಳುವವರೇ ಗೆಲ್ಲುವುದು. ಒಂದು ಮಾತೂ ಆಡದೆ ಜತೆಗಾರರಿಗೆ ಬಿಲ್ಲೆಯಿಂದಲೇ ಸುಳಿವು ಕೊಡುವ ಕಲೆ ಇಲ್ಲಿ ಬೆಳೆಯುತ್ತದೆ. 28 ತುಂಡುಗಳಲ್ಲಿ ಇಷ್ಟೊಂದು ವಿಚಾರ ಅಡಗಿದೆಯಲ್ಲ ಎಂಬ ಬೆರಗು ನನಗೆ ಇಂದಿಗೂ ಹೋಗಿಲ್ಲ.

ಇಬ್ಬರಾದರೆ ತಲಾ ಏಳು, ರಾಶಿಯಲ್ಲಿ 14. ಹೊಂದುವ ಬಿಲ್ಲೆ ಇಲ್ಲದವರು ಸರದಿ ಬಿಡುವುದು ಬ್ಲಾಕ್ ಆಟ. ಸಿಗುವ ತನಕ ರಾಶಿಯಿಂದ ಎತ್ತುವುದು ಡ್ರಾ ಆಟ. ಹೊಸಬರಿಗೆ ಡ್ರಾ ಸುಲಭ. ಮೂವರಾದರೆ ತಲಾ ಏಳು ಕೊಟ್ಟು ಏಳನ್ನು ಉಳಿಸಬಹುದು, ಅಥವಾ ಜೋಡಿ ಖಾಲಿಯನ್ನು ಪಕ್ಕಕ್ಕಿಟ್ಟು ಉಳಿದ 27ನ್ನು ಒಂಬತ್ತೊಂಬತ್ತಾಗಿ ಹಂಚಬಹುದು.

ಅಂಕ ಗಳಿಸುವ ಆಟಗಳೂ ಈ ಸೆಟ್‌ನ ಸುತ್ತಲೇ ಬೆಳೆದಿವೆ. ಆಲ್ ಫೈವ್ಸ್ ಆಟದಲ್ಲಿ ತುದಿಗಳ ಮೊತ್ತ ಐದರ ಅಪವರ್ತ್ಯವಾದಾಗಲೆಲ್ಲ ಅಂಕ: ಒಂದು ತುದಿ ಆರು, ಇನ್ನೊಂದು ನಾಲ್ಕು ಆದರೆ ಹತ್ತು. ಮೊದಲ ಜೋಡಿ ಬಿಲ್ಲೆಯಿಂದ ನಾಲ್ಕೂ ದಿಕ್ಕಿಗೆ ಸಾಲು ಹೊರಡುವುದರಿಂದ ಕೂಡುವ ಲೆಕ್ಕ ಸದಾ ಬದಲಾಗುತ್ತಿರುತ್ತದೆ. ಇಂಗ್ಲೆಂಡಿನ ಪಬ್‌ಗಳಲ್ಲಿ ಆಡುವ ಫೈವ್ಸ್ ಅಂಡ್ ತ್ರೀಸ್‌ನಲ್ಲಿ ಐದು ಮತ್ತು ಮೂರು ಎರಡಕ್ಕೂ ಬೆಲೆಯಿದೆ. ಹದಿನೈದು ಬಂದರೆ ಅದರಲ್ಲಿ ಐದು ಮೂರುಗಳೂ ಮೂರು ಐದುಗಳೂ ಇವೆ, ಹಾಗಾಗಿ ಎಂಟು ಅಂಕ.

ಇಸ್ಪೀಟು ಬಲ್ಲವರಿಗೆ ಟೆಕ್ಸಾಸಿನ ಫಾರ್ಟಿ ಟೂ ಆಟವನ್ನು ವಿಶೇಷವಾಗಿ ಹೇಳಬೇಕು. ಇಸ್ಪೀಟು ಆಡುವುದು ತಪ್ಪೆಂದು ನಂಬಿದ್ದ ಮನೆಗಳ ಹುಡುಗರು ಡೊಮಿನೊದಿಂದಲೇ ಅಂಥ ಆಟವನ್ನು ಕಟ್ಟಿಕೊಂಡರು ಎಂದು ಅಲ್ಲಿನವರು ಹೇಳುತ್ತಾರೆ. ನಾಲ್ವರು, ತಲಾ ಏಳು ಬಿಲ್ಲೆ, ಹರಾಜು, ತುರುಫು, ಏಳು ಪಟ್ಟು (ನಾಲ್ವರೂ ಒಂದೊಂದು ಬಿಲ್ಲೆ ಇಳಿಸುವ ಸುತ್ತು). ಪ್ರತಿ ಪಟ್ಟಿಗೆ ಒಂದು ಅಂಕದಂತೆ ಏಳು. ಚುಕ್ಕಿಗಳ ಮೊತ್ತ ಹತ್ತಾಗುವ ಎರಡು ಬಿಲ್ಲೆಗಳಿಗೆ (ಐದು-ಐದು, ಆರು-ನಾಲ್ಕು) ಹತ್ತು ಹತ್ತು, ಮೊತ್ತ ಐದಾಗುವ ಮೂರು ಬಿಲ್ಲೆಗಳಿಗೆ (ಐದು-ಖಾಲಿ, ನಾಲ್ಕು-ಒಂದು, ಮೂರು-ಎರಡು) ಐದೈದು, ಒಟ್ಟು 35. ಏಳು ಸೇರಿದರೆ 42. ಆಟದ ಹೆಸರು ಬಂದದ್ದು ಹೀಗೆ.

ಇಬ್ಬರು, ಮೂವರು ಅಥವಾ ನಾಲ್ವರು ಕೂಡುವ ಮನೆಗೆ ನನ್ನ ಉತ್ತರ ಯಾವಾಗಲೂ ಡಬಲ್ ಸಿಕ್ಸ್. ದೊಡ್ಡ ಸೆಟ್‌ಗೆ ಕೊಡುವ ಹಣದಲ್ಲೇ ಇದರಲ್ಲಿ ಉತ್ತಮ ಗುಣಮಟ್ಟದ್ದನ್ನು ಕೊಳ್ಳಬಹುದು. ಐದನೆಯವರು ಬಂದು ಕೂತಾಗ ಮಾತ್ರ ಇದು ಸೋಲುತ್ತದೆ.

ಡಬಲ್ ನೈನ್: ನಡುವಿನದು ಎಂದು ಕೊಳ್ಳಬೇಡಿ

ಕ್ಯೂಬಾದ ಆಟ ಈ ಸೆಟ್‌ನದ್ದು. ನಾಲ್ವರು ತಲಾ ಹತ್ತು ಬಿಲ್ಲೆ ತೆಗೆದುಕೊಳ್ಳುತ್ತಾರೆ; ಉಳಿದ 15 ಕೊನೆಯವರೆಗೂ ಬೋರಲಾಗಿಯೇ ಇರುತ್ತವೆ, ಯಾರೂ ಎತ್ತುವುದಿಲ್ಲ. ಡಬಲ್ ಸಿಕ್ಸ್‌ನಲ್ಲಿ ನಾಲ್ವರ ಆಟ ಬಿಗಿಯಾದ ಲೆಕ್ಕವಾದರೆ ಇದು ಲೆಕ್ಕಕ್ಕೆ ಒಂದಿಷ್ಟು ಮಂಜು ಬೆರೆಸಿದ ಹಾಗೆ. ಜೋಡಿ ಎಂಟು ಇನ್ನೂ ಬಂದಿಲ್ಲವೆಂದರೆ ಅದು ಎದುರಾಳಿಯ ಕೈಯಲ್ಲಿರಬಹುದು, ಮಲಗಿರುವ ಹದಿನೈದರಲ್ಲೂ ಇರಬಹುದು. ಅಪಾಯವನ್ನು ತೂಗಿ ನೋಡುವ ಮನಸ್ಸಿನವರಿಗೆ ಇದು ಬಹಳ ಹಿಡಿಸುತ್ತದೆ. ಜೋಡಿ ಬಿಲ್ಲೆಯಿಂದ ಕೋಳಿಯ ಕಾಲಿನಂತೆ ಮೂರು ಕವಲುಗಳು ಹೊರಡುವ ಚಿಕನ್ ಫೂಟ್ ಆಟಕ್ಕೂ ಸಾಮಾನ್ಯವಾಗಿ ಬಳಸುವುದು ಇದೇ ಸೆಟ್.

ಈ ಎರಡು ಆಟಗಳ ಮೇಲೆ ಮನಸ್ಸಿದ್ದರೆ, ಅಥವಾ ನಿಯಮಿತವಾಗಿ ಐವರು ಕೂಡುತ್ತಿದ್ದರೆ ಡಬಲ್ ನೈನ್ ಸರಿಯಾದ ಆಯ್ಕೆ. 55 ಬಿಲ್ಲೆಗಳನ್ನು ಒಬ್ಬರು ಎರಡೂ ಕೈಗಳಿಂದ ಆರಾಮವಾಗಿ ಕಲೆಸಬಹುದು ಎಂಬುದೂ ಸಣ್ಣ ಅನುಕೂಲವಲ್ಲ. ಆದರೆ ಚಿಕ್ಕದೂ ಬೇಡ, ದೊಡ್ಡದೂ ಬೇಡ, ನಡುವಿನದು ಇರಲಿ ಎಂಬ ಕಾರಣಕ್ಕೆ ಕೊಂಡರೆ ನಿರಾಸೆಯಾಗುತ್ತದೆ. ಎಂಟು ಜನ ಬಂದಾಗ ಅದು ಸಾಲದು, ಇಬ್ಬರಿದ್ದಾಗ ಹೆಚ್ಚಾಗುತ್ತದೆ.

ಡಬಲ್ ಟ್ವೆಲ್ವ್ ಮತ್ತು ಅದರಾಚೆ

ಇದನ್ನು ಜನ ಕೊಳ್ಳುವುದು ಬಹುಮಟ್ಟಿಗೆ ಮೆಕ್ಸಿಕನ್ ಟ್ರೈನ್ ಆಟಕ್ಕಾಗಿ. ನಡುವೆ ಜೋಡಿ ಹನ್ನೆರಡು; ಅದರಿಂದ ಪ್ರತಿಯೊಬ್ಬರಿಗೂ ಒಂದೊಂದು ಸಾಲು ಹೊರಡುತ್ತದೆ, ಅದೇ ಅವರ ರೈಲು. ಎಲ್ಲರಿಗೂ ಸೇರಿದ ಇನ್ನೊಂದು ರೈಲೂ ಇರುತ್ತದೆ. ತನ್ನ ರೈಲಿಗೆ ಬಿಲ್ಲೆ ಸೇರಿಸಲಾಗದವರ ಸಾಲು ಮಿಕ್ಕವರಿಗೆ ತೆರೆದುಕೊಳ್ಳುತ್ತದೆ. ಮುಂದಿನ ಸುತ್ತು ಜೋಡಿ ಹನ್ನೊಂದರಿಂದ, ಹೀಗೆ ಜೋಡಿ ಖಾಲಿಯವರೆಗೆ ಒಟ್ಟು 13 ಸುತ್ತು. ಕೈಯಲ್ಲಿ ಉಳಿದ ಚುಕ್ಕಿಗಳು ಯಾರದು ಕಡಿಮೆಯೋ ಅವರು ಗೆದ್ದಂತೆ. ಎಂಟು ಜನ ತಲಾ ಹತ್ತು ಬಿಲ್ಲೆ ತೆಗೆದುಕೊಂಡರೂ ನಡುವಿನ ಒಂದನ್ನು ಬಿಟ್ಟು ರಾಶಿಗೆ ಇನ್ನೂ ಹತ್ತು ಉಳಿಯುತ್ತವೆ. ಮಕ್ಕಳು, ಅಜ್ಜ ಅಜ್ಜಿ, ಅಂದೇ ನಿಯಮ ಕಲಿತವರು, ಎಲ್ಲರೂ ಒಂದೇ ಮೇಜಿಗೆ ಕೂರಬಲ್ಲ ಆಟ ಇದು. ಅದೃಷ್ಟದ ಪಾಲು ದೊಡ್ಡದಾದ್ದರಿಂದ ನುರಿತವರೇ ಪ್ರತಿ ಬಾರಿ ಗೆಲ್ಲುವುದಿಲ್ಲ, ಹೊಸಬರು ಎದ್ದು ಹೋಗುವುದಿಲ್ಲ.

ಇದಕ್ಕೆ ತೆರಬೇಕಾದದ್ದು ಜಾಗ. ಐದು ಸೆಂಟಿಮೀಟರ್ ಉದ್ದದ 28 ಬಿಲ್ಲೆಗಳನ್ನು, ಜೋಡಿಗಳನ್ನು ಅಡ್ಡಲಾಗಿಟ್ಟು, ಒಂದೇ ಸಾಲಾಗಿ ಜೋಡಿಸಿದರೆ ಸುಮಾರು ಒಂದೂಕಾಲು ಮೀಟರ್. 91 ಬಿಲ್ಲೆಗಳಾದರೆ ನಾಲ್ಕು ಮೀಟರಿಗೂ ಹೆಚ್ಚು. ಸಣ್ಣ ಮೇಜಿನ ಮೇಲೆ ರೈಲುಗಳು ಒಂದಕ್ಕೊಂದು ತಾಗಿ ಜಗಳಕ್ಕೆ ಕಾರಣವಾಗುತ್ತವೆ. ನೆಲದ ಮೇಲೆ ಚಾಪೆ ಹಾಸಿ ಆಡುವುದೇ ಮೇಲು. ಹತ್ತು ಹದಿನೈದು ಬಿಲ್ಲೆಗಳನ್ನು ಎದುರಿಗೆ ನಿಲ್ಲಿಸಿಕೊಳ್ಳಲು ಉದ್ದಕ್ಕೂ ತೋಡು ಕೊರೆದ ಮರದ ಪಟ್ಟಿಗಳಿದ್ದರೆ ಮಕ್ಕಳಿಗೂ ಹಿರಿಯರಿಗೂ ಬಹಳ ಅನುಕೂಲ. ಕೆಲವು ಸೆಟ್‌ಗಳ ಜೊತೆ ನಡುವೆ ಇಡುವ ನಿಲ್ದಾಣವೂ ಪುಟ್ಟ ರೈಲಿನ ಗುರುತುಗಳೂ ಬರುತ್ತವೆ. ಅವು ಚೆಂದ, ಆದರೆ ಗುಂಡಿಗಳನ್ನೋ ನಾಣ್ಯಗಳನ್ನೋ ಇಟ್ಟರೂ ಆಟ ನಡೆಯುತ್ತದೆ. ಅವುಗಳಿಗಾಗಿಯೇ ಹೆಚ್ಚು ಹಣ ಕೊಡಬೇಕಿಲ್ಲ.

ದೊಡ್ಡ ಸೆಟ್‌ನೊಳಗೆ ಚಿಕ್ಕವೆಲ್ಲವೂ ಅಡಗಿವೆ ಎಂಬುದು ನಿಜ. ಟ್ವೆಲ್ವ್‌ನಿಂದ ಹತ್ತು, ಹನ್ನೊಂದು, ಹನ್ನೆರಡು ಇರುವ 36 ಬಿಲ್ಲೆಗಳನ್ನು ತೆಗೆದರೆ ಡಬಲ್ ನೈನ್, ಇನ್ನೂ 27 ತೆಗೆದರೆ ಡಬಲ್ ಸಿಕ್ಸ್. ಒಂದೇ ಸೆಟ್ ಕೊಳ್ಳಬಲ್ಲವರಿಗೆ, ಮನೆಗೆ ಕೆಲವೊಮ್ಮೆ ಇಬ್ಬರು ಕೆಲವೊಮ್ಮೆ ಎಂಟು ಮಂದಿ ಬರುತ್ತಾರೆ ಎನ್ನುವವರಿಗೆ ಇದು ಬಲವಾದ ಕಾರಣ. ಹಾಗೆ ಮಾಡುವುದಾದರೆ 28ನ್ನು ಬೇರೆಯೇ ಚೀಲದಲ್ಲಿಡಿ. ಪ್ರತಿ ಸಂಜೆ 63 ಬಿಲ್ಲೆಗಳನ್ನು ಆರಿಸಿ ತೆಗೆಯಬೇಕಾದರೆ ಆಟದ ಹುಮ್ಮಸ್ಸು ಅಲ್ಲೇ ಕರಗುತ್ತದೆ.

ಫಿಫ್ಟೀನ್ ಮತ್ತು ಎಯ್ಟೀನ್ ಎಂಟಕ್ಕೂ ಹೆಚ್ಚು ಜನ ಒಟ್ಟಿಗೆ ಆಡುವ ಕೂಟಗಳಿಗೆ. ಉಳಿದವರಿಗೆ ಅವು ಭಾರ.

ಚುಕ್ಕಿಯೋ ಅಂಕಿಯೋ

ಆರರವರೆಗಿನ ಚುಕ್ಕಿಗಳನ್ನು ಯಾರೂ ಎಣಿಸುವುದಿಲ್ಲ. ದಾಳದಿಂದ ಪರಿಚಿತವಾದ ಆ ವಿನ್ಯಾಸವನ್ನು ಕಣ್ಣು ಒಂದೇ ನೋಟಕ್ಕೆ ಹಿಡಿಯುತ್ತದೆ. ಒಂಬತ್ತರವರೆಗೂ ಮೂರು ಮೂರರ ಚೌಕದಲ್ಲಿ ಹೇಗೋ ನಡೆಯುತ್ತದೆ. ಹತ್ತು, ಹನ್ನೊಂದು, ಹನ್ನೆರಡಕ್ಕೆ ಬಂದಾಗ ಚುಕ್ಕಿಗಳು ಒತ್ತೊತ್ತಾಗಿ ಕಣ್ಣು ಸೋಲುತ್ತದೆ. ಅದಕ್ಕಾಗಿ ಒಂದೊಂದು ಸಂಖ್ಯೆಗೆ ಒಂದೊಂದು ಬಣ್ಣ ಕೊಡುತ್ತಾರೆ. ಬಣ್ಣಗಳಿಗೆ ಎಲ್ಲರೂ ಒಪ್ಪಿದ ನಿಯಮವಿಲ್ಲ. ಒಬ್ಬ ತಯಾರಕರ ಏಳು ಇನ್ನೊಬ್ಬರ ಹತ್ತಿನ ಬಣ್ಣದಲ್ಲಿರಬಹುದು. ಬಣ್ಣ ಬೇರ್ಪಡಿಸಿ ನೋಡಲಾಗದವರು ಮನೆಯಲ್ಲಿದ್ದರೆ, ಅಥವಾ ಸಂಜೆಯ ಮಂದ ಬೆಳಕಿನಲ್ಲಿ ಆಡುವುದಾದರೆ, ಚುಕ್ಕಿಗಳ ಬದಲು ಅಂಕಿಗಳನ್ನೇ ಅಚ್ಚಿಟ್ಟ ಸೆಟ್ ತೆಗೆದುಕೊಳ್ಳಿ. ಫಿಫ್ಟೀನ್‌ನಿಂದ ಮೇಲಕ್ಕಂತೂ ನಾನು ಅಂಕಿಗಳನ್ನು ಬಿಟ್ಟು ಬೇರೇನನ್ನೂ ಸೂಚಿಸಲಾರೆ.

ದೃಷ್ಟಿ ಇಲ್ಲದವರೂ ಆಡುವ ಮನೆಗೆ ಬೇಕಾದದ್ದು ಬೆರಳಿಗೆ ಸಿಗುವ ಚುಕ್ಕಿ, ಗುಳಿ ಬಿದ್ದದ್ದು ಅಥವಾ ಉಬ್ಬಿದ್ದು. ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ನಾಲ್ಕನ್ನೂ ಐದನ್ನೂ ಬೇರೆ ಮಾಡಿ ಹೇಳಲಾಗುತ್ತದೆಯೇ ಎಂದು ಕೊಳ್ಳುವ ಮೊದಲೇ ಪರೀಕ್ಷಿಸಿ.

ಕೈಗೆ ತಾಗುವ ಗುಣ

ಹಳೆಯ ಬಿಲ್ಲೆಗಳು ಮೂಳೆಯವು, ಕೆಲವು ದಂತದವು. ಮೂಳೆಯ ಹಾಳೆಗೆ ಬೆನ್ನಾಗಿ ಎಬೊನಿ ಮರ, ಎರಡನ್ನೂ ಹಿಡಿದಿಡಲು ಹಿತ್ತಾಳೆಯ ಪಿನ್ನು. ಇಂಗ್ಲಿಷಿನವರು ಬಿಲ್ಲೆಗಳಿಗೆ ಇಂದಿಗೂ ಬೋನ್ಸ್ ಎನ್ನುವುದು, ಎತ್ತುವ ರಾಶಿಗೆ ಬೋನ್‌ಯಾರ್ಡ್ ಎನ್ನುವುದು ಆ ಮೂಳೆಯ ನೆನಪಿನಲ್ಲಿ. ಈಗ ಸಿಗುವವು ಹೆಚ್ಚಾಗಿ ಯೂರಿಯಾ, ಮೆಲಮೈನ್ ಅಥವಾ ಅಕ್ರಿಲಿಕ್ ಪ್ಲಾಸ್ಟಿಕ್, ಇಲ್ಲವೇ ಮರ.

ಮರದ ಬಿಲ್ಲೆ ಹಗುರ, ಸದ್ದು ಮೃದು, ಮಕ್ಕಳ ಕೈಗೆ ಒಳ್ಳೆಯದು. ಗಂಭೀರವಾಗಿ ಆಡುವವರಿಗೆ ನಾನು ಅದನ್ನು ಸೂಚಿಸುವುದಿಲ್ಲ. ಮರದ ಎಳೆಗಳು ಒಂದೊಂದು ಬಿಲ್ಲೆಯ ಬೆನ್ನಿನಲ್ಲೂ ಬೇರೆ ಬೇರೆಯಾಗಿರುತ್ತವೆ. ನಾಲ್ಕು ಸಂಜೆ ಆಡಿದವರಿಗೆ ಬೋರಲು ಬಿದ್ದ ಬಿಲ್ಲೆಯನ್ನೂ ಗುರುತಿಸಲು ಬರುತ್ತದೆ, ಮುಚ್ಚಿದ್ದು ಮುಚ್ಚಿದಂತೆ ಉಳಿಯುವುದಿಲ್ಲ. ಬೆನ್ನು ಎಲ್ಲ ಬಿಲ್ಲೆಗಳಲ್ಲೂ ಒಂದೇ ಥರ ಇರುವುದು ಈ ಆಟದ ಜೀವಾಳ. ತೂಕವಾದ, ನಯವಾದ ಯೂರಿಯಾ ಅಥವಾ ಮೆಲಮೈನ್ ಇಲ್ಲಿ ಗೆಲ್ಲುತ್ತದೆ.

ದಪ್ಪವನ್ನೂ ಗಮನಿಸಿ. ಉದ್ದ ಸುಮಾರು 50 ಮಿಲಿಮೀಟರ್, ಅಗಲ 25, ದಪ್ಪ 10ರ ಹತ್ತಿರ ಇದ್ದರೆ ಬಿಲ್ಲೆ ಅಂಚಿನ ಮೇಲೆ ಗಟ್ಟಿಯಾಗಿ ನಿಲ್ಲುತ್ತದೆ. ತೆಳುವಾದವು ಮೇಜು ಅಲುಗಿದರೆ ಬಿದ್ದು ಕೈಯಲ್ಲಿದ್ದದ್ದನ್ನು ಎಲ್ಲರಿಗೂ ತೋರಿಸಿಬಿಡುತ್ತವೆ. ಚುಕ್ಕಿಗಳನ್ನು ಕೊರೆದು ಬಣ್ಣ ತುಂಬಿರಬೇಕು. ಮೇಲೆ ಬರೇ ಅಚ್ಚು ಹಾಕಿದ್ದು ಕಲೆಸಿ ಕಲೆಸಿ ಮಾಸುತ್ತದೆ.

ಕೆಲವು ಸೆಟ್‌ಗಳಲ್ಲಿ ಮುಖದ ನಡುವೆ ಹಿತ್ತಾಳೆಯ ಗುಂಡು ತಲೆಯ ಮೊಳೆ ಇರುತ್ತದೆ, ಅದಕ್ಕೆ ಸ್ಪಿನ್ನರ್ ಎನ್ನುತ್ತಾರೆ. ಬೋರಲು ಹಾಕಿ ಕಲೆಸುವಾಗ ಬಿಲ್ಲೆ ಅದರ ಮೇಲೆ ಸುತ್ತುತ್ತದೆ, ಚುಕ್ಕಿಗಳು ಮೇಜಿಗೆ ಉಜ್ಜುವುದಿಲ್ಲ. ಆಡುವವರಿಗೆ ಅದು ಒಳ್ಳೆಯದು. ಪಾಲಿಶ್ ಮಾಡಿದ ಮೇಜಿಗೆ ಗೀರು ಬೀಳುತ್ತದೆ, ಆದ್ದರಿಂದ ದಪ್ಪ ಬಟ್ಟೆ ಹಾಸಿಕೊಳ್ಳಿ.

ಬೀಳಿಸುವುದಕ್ಕಾಗಿ ಕೊಳ್ಳುವವರಿಗೆ

ಸಾಲಾಗಿ ನಿಲ್ಲಿಸಿ ಒಂದನ್ನು ತಳ್ಳಿ ಎಲ್ಲವನ್ನೂ ಬೀಳಿಸುವುದು ಬೇರೆಯೇ ಕಲೆ, ಅದಕ್ಕೆ ಬೇಕಾದದ್ದೂ ಬೇರೆಯೇ ಬಿಲ್ಲೆ: ಹಗುರವಾದ, ಎಲ್ಲವೂ ಒಂದೇ ಅಳತೆಯ, ಮೊಳೆಯಿಲ್ಲದ, ಚುಕ್ಕಿಯೇ ಬೇಕಿಲ್ಲದ ಪ್ಲಾಸ್ಟಿಕ್ ತುಂಡುಗಳು, ಅದೂ ನೂರಾರು. ಆಡುವ ಸೆಟ್‌ನ 28ರಿಂದ ಮಗುವಿನ ಆಸೆ ಒಂದು ನಿಮಿಷವೂ ತಣಿಯದು. ಈ ಕಲೆ ಎಲ್ಲಿಯವರೆಗೆ ಹೋಗಿದೆ ಎಂದರೆ, 2009ರ ನವೆಂಬರ್‌ನಲ್ಲಿ ನೆದರ್‌ಲ್ಯಾಂಡ್ಸ್‌ನ ಲೇವಾರ್ಡನ್‌ನಲ್ಲಿ 44,91,863 ಬಿಲ್ಲೆಗಳು ಬಿದ್ದವು. ಅದೇ ಊರಿನಲ್ಲಿ 2005ರಲ್ಲಿ ಇಂಥದ್ದೇ ಪ್ರದರ್ಶನದ ಸಿದ್ಧತೆಯ ಹೊತ್ತಿಗೆ ಸಭಾಂಗಣದೊಳಗೆ ನುಗ್ಗಿದ ಒಂದು ಗುಬ್ಬಚ್ಚಿ ಸುಮಾರು 23,000 ಬಿಲ್ಲೆಗಳನ್ನು ಮುಂಚೆಯೇ ಬೀಳಿಸಿತು. ಅದನ್ನು ಗುಂಡಿಕ್ಕಿ ಕೊಂದರು ಎಂಬುದು ಇಂದಿಗೂ ನೋವಿನ ಸಂಗತಿ. ಅಂದು ಮಿಕ್ಕ ಲಕ್ಷಾಂತರ ಬಿಲ್ಲೆಗಳು ಉಳಿದದ್ದು ಸಾಲಿನ ನಡುನಡುವೆ ಬಿಟ್ಟಿದ್ದ ತೆರವುಗಳಿಂದ. ಮನೆಯಲ್ಲೂ ಅದೇ ಕ್ರಮ: ಮೂವತ್ತು ನಲವತ್ತು ಬಿಲ್ಲೆಗಳಿಗೊಮ್ಮೆ ಎರಡು ಮೂರು ಬಿಲ್ಲೆಗಳ ಜಾಗ ಬಿಟ್ಟು ಕಟ್ಟಿ, ಕೊನೆಗೆ ತುಂಬಿ. ಒಂದು ಬಿಲ್ಲೆ ತನಗಿಂತ ಒಂದೂವರೆ ಪಟ್ಟು ದೊಡ್ಡದಾದ ಬಿಲ್ಲೆಯನ್ನು ಬೀಳಿಸಬಲ್ಲದು ಎಂದು ಭೌತವಿಜ್ಞಾನಿ ಲಾರ್ನ್ ವೈಟ್‌ಹೆಡ್ 1983ರಲ್ಲಿ ತೋರಿಸಿದರು. ಮರದ ತುಂಡುಗಳಿಂದ ಮಕ್ಕಳಿಗೆ ಮಾಡಿ ತೋರಿಸಲು ಇದಕ್ಕಿಂತ ಚೆಂದದ ಪ್ರಯೋಗ ಸಿಗದು.

ಹಳೆಯ ಸೆಟ್ ಕೊಳ್ಳುವುದಾದರೆ

ಬಿಲ್ಲೆ ಕಳೆದಿರುವುದೇ ಹಳೆಯ ಸೆಟ್‌ನ ಮುಖ್ಯ ಭಯ. ಡಬಲ್ ಸಿಕ್ಸ್‌ನಲ್ಲಿ 27 ಮಾತ್ರ ಇವೆ ಎನ್ನಿ. ಮೊದಲು ಏಳು ಜೋಡಿಗಳೂ ಇವೆಯೇ ನೋಡಿ. ಅವೆಲ್ಲ ಇದ್ದರೆ ಇರುವ ಬಿಲ್ಲೆಗಳನ್ನೆಲ್ಲ, ಒಂದನ್ನೂ ಬಿಡದೆ, ಆಟದ ನಿಯಮದಂತೆ ಒಂದೇ ಸಾಲಾಗಿ ಜೋಡಿಸಿ. ಸಾಲಿನ ಎರಡು ತುದಿಗಳಲ್ಲಿರುವ ಸಂಖ್ಯೆಗಳೇ ಕಳೆದ ಬಿಲ್ಲೆಯ ಸಂಖ್ಯೆಗಳು. ಜೋಡಿಯನ್ನು ಬಿಟ್ಟರೆ ಪ್ರತಿ ಸಂಖ್ಯೆಯೂ ಆರು ಬಿಲ್ಲೆಗಳ ಮೇಲಿದೆ, ಆರು ಸಮಸಂಖ್ಯೆ. ಸಾಲು ಆ ಸಂಖ್ಯೆಗೆ ಎಷ್ಟು ಬಾರಿ ಬರುತ್ತದೋ ಅಷ್ಟೇ ಬಾರಿ ಹೊರಗೆ ಹೋಗುತ್ತದೆ. ಪೂರ್ತಿ ಸೆಟ್‌ನ ಸಾಲು ಅದಕ್ಕಾಗಿಯೇ ಯಾವಾಗಲೂ ಶುರುವಾದ ಸಂಖ್ಯೆಯಲ್ಲೇ ಮುಗಿಯುತ್ತದೆ. ಒಂದು ಬಿಲ್ಲೆ ಇಲ್ಲವಾದರೆ ಆ ಬಳೆ ಅಲ್ಲಿ ತುಂಡಾಗುತ್ತದೆ. ಟ್ವೆಲ್ವ್ ಮತ್ತು ಎಯ್ಟೀನ್‌ಗೂ ಇದು ಸಲ್ಲುತ್ತದೆ.

ನೈನ್ ಮತ್ತು ಫಿಫ್ಟೀನ್‌ಗೆ ಸಲ್ಲದು, ಅಲ್ಲಿ ಆ ಎಣಿಕೆ ಬೆಸ. ಅವುಗಳಿಗೆ ತ್ರಿಕೋನ ಹಾಕಿ: ಮೊದಲ ಸಾಲಿನಲ್ಲಿ ಒಂಬತ್ತು-ಒಂಬತ್ತರಿಂದ ಒಂಬತ್ತು-ಖಾಲಿಯವರೆಗೆ ಹತ್ತು ಬಿಲ್ಲೆ, ಎರಡನೆಯದರಲ್ಲಿ ಎಂಟು-ಎಂಟರಿಂದ ಒಂಬತ್ತು ಬಿಲ್ಲೆ, ಹೀಗೆ ಇಳಿದು ಕೊನೆಗೆ ಜೋಡಿ ಖಾಲಿ ಒಂದೇ. ಇಲ್ಲದ್ದರ ಜಾಗ ತಾನಾಗಿ ಕಾಣಿಸುತ್ತದೆ.

ಕಳೆದದ್ದು ಯಾವುದು ಎಂಬುದರ ಮೇಲೆ ಸೆಟ್‌ನ ಬೆಲೆ ನಿಂತಿದೆ. ಟ್ವೆಲ್ವ್‌ನಲ್ಲಿ ಹನ್ನೊಂದು-ನಾಲ್ಕು ಇಲ್ಲವಾದರೆ ಅದರೊಳಗಿನ ನೈನ್ ಮತ್ತು ಸಿಕ್ಸ್ ಎರಡೂ ಪೂರ್ತಿಯಾಗಿಯೇ ಇವೆ, ಧೈರ್ಯವಾಗಿ ಕೊಳ್ಳಬಹುದು. ಐದು-ಎರಡು ಇಲ್ಲವಾದರೆ ಮೂರೂ ಕೆಟ್ಟಂತೆ, ಬೇರೆ ಸೆಟ್‌ನ ಬಿಲ್ಲೆ ತಂದು ಸೇರಿಸಿದರೂ ಅದರ ಬೆನ್ನು ಬೇರೆಯಾಗಿ ಕಾಣುತ್ತದೆ.